ಒಂದು ಗಂಟೆಯ ನಿದ್ದೆ

ಆಸ್ಪತ್ರೆಯಿಂದ ಬಂದ ಹೂವಿನ ಚಕ್ರವನ್ನು ಮಗಳು ಅಮ್ಮನ ಎದೆಯ ಮೇಲಿಂದ ಕಿತ್ತು ತಂದು ಬಾಗಿಲಾಚೆ ಚಪ್ಪಲಿಗಳ ಮಧ್ಯೆ ಒಗೆದಳು. ಹೊತ್ತು ತಂದಿದ್ದ ಗುಮಾಸ್ತ ತಬ್ಬಿಬ್ಬಾದ.

“ಸೂಪರಿಂಟೆಂಡೆಂಟ್ ಸಾಹೇಬ್ರು ಕಳಿಸಿದ್ದು ಮೇಡಂ.”

“ಇಪ್ಪತ್ತಾರು ವರ್ಷ ದುಡಿದೋಳನ್ನ ಒಂದೇ ದಿನದಲ್ಲಿ ಗೇಟಿನಾಚೆ ಹಾಕಿದ್ರಲ್ಲ, ಆ ಸಾಹೇಬ್ರಾ? ಹೂವು ಅವರೇ ಮುಡ್ಕೊಳ್ಳಲಿ ಅನ್ನಿ.”

ಬಸ್ಸಿನಲ್ಲಿ ಕಂಡಕ್ಟರ್ ಆಗಿ ಪಳಗಿದ ಗಂಟಲು. ಬೀದಿಯ ಕೊನೆಯ ಮನೆಗೂ ಕೇಳಿಸಿತು. ಸೋದರಮಾವ ಅವಳ ತೋಳು ಹಿಡಿದ.

“ಮೂರು ದಿನದಿಂದ ರೆಪ್ಪೆ ಮುಚ್ಚಿಲ್ಲ ನೀನು. ವ್ಯಾನು ಬರೋದು ಮೂರಕ್ಕೆ. ಸ್ವಲ್ಪ ಒರಗ್ಕೊ.”

“ಮಲಗಿದ್ದಾಳೆ ಪಾಪ ಅಂತ ನೀವೇ ಅಮ್ಮನ್ನ ಎತ್ಕೊಂಡು ಹೋಗಿಬಿಡ್ತೀರಿ. ನಂಗೊತ್ತು ನಿಮ್ಮ ಪಾಪ.”

ಮನೆ ತುಂಬ ಹೆಂಗಸರು, ಎಲ್ಲರೂ ಮಕ್ಕಳ ವಾರ್ಡಿನಲ್ಲಿ ತಿಂಗಳುಗಟ್ಟಲೆ ಕಳೆದ ತಾಯಂದಿರು. ಆ ವಾರ್ಡಿನ ಚಾದರಗಳನ್ನು ನೋಡಿಕೊಳ್ಳುತ್ತಿದ್ದ ಅಮ್ಮ ಅವರ ಬಾಯಲ್ಲಿ ‘ಚಾದರದಕ್ಕ’. ಅವರ ಹೊಗಳಿಕೆ ಕೇಳಿಯೂ ಮಗಳಿಗೆ ರೇಗಿತು. ಊರಿಗೆ ಉಪಕಾರಿ, ಮನೆಗೆ ಮಾರಿ. ತನಗೆ ಮೈಯೆಲ್ಲ ಗುಳ್ಳೆಯೆದ್ದು ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಅತ್ತೆ, ಅಮ್ಮನಲ್ಲ.

ಆಗ ಬಾಗಿಲಲ್ಲಿ ದರ್ಜಿ ಹೆಂಗಸು ಕಾಣಿಸಿದಳು. ಕೆಲಸದ ನಡುವೆ ಎದ್ದು ಬಂದವಳು. ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ಅಮ್ಮನ ಕೆಲಸ ಹೋದದ್ದು ಇವಳು ಸಹಿ ಹಾಕಿದ ದೂರಿನಿಂದ.

*

ಒಂಬತ್ತು ವರ್ಷದ ಹಿಂದೆ ಆ ವಾರ್ಡಿನಲ್ಲಿ ತಾಯಂದಿರಿಗೆಂದು ಇದ್ದದ್ದು ಮಂಚಕ್ಕೊಂದು ಪ್ಲಾಸ್ಟಿಕ್ ಸ್ಟೂಲು. ಮಗು ಏಳು ತಿಂಗಳು ವಾರ್ಡಿನಲ್ಲಿದ್ದರೂ ಅದೇ ಸ್ಟೂಲು. ಚಾದರದಕ್ಕ ತನ್ನ ಊಟದ ಹೊತ್ತಿನಲ್ಲಿ ದಿನಕ್ಕೊಬ್ಬ ತಾಯಿಯನ್ನು ಬಟ್ಟೆ ಕೋಣೆಗೆ ಕರೆದೊಯ್ದು, ಒಗೆದ ಚಾದರಗಳ ಮೇಲೆ ಮಲಗಿಸುತ್ತಿದ್ದಳು. ಮೇಲಿನವರ ಕಣ್ಣಿಗೆ ಬೀಳದಿರಲೆಂದು ಹೊರಗಿನಿಂದ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿ, ಆ ತಾಯಿಯ ಸ್ಟೂಲಿನ ಮೇಲೆ ತಾನು ಕೂರುತ್ತಿದ್ದಳು.

“ಒಂದು ಗಂಟೆ ಮಲಗು. ನಾನಿದ್ದೀನಲ್ಲ.”

ಆವತ್ತು ದರ್ಜಿಯ ಸರದಿ. ಅವಳ ಆರು ವರ್ಷದ ಮಗಳಿಗೆ ರಕ್ತದ ಕಾಯಿಲೆ. ಎರಡೂವರೆಗೆ ಮಗುವಿನ ಉಸಿರು ತಪ್ಪಿತು. ಡಾಕ್ಟರು ಓಡಿ ಬಂದರು. ಬೀಗ ತೆಗೆದು ತಾಯಿಯನ್ನು ಎಬ್ಬಿಸಲು ಚಾದರದಕ್ಕ ಎದ್ದಳು, ಮಗು ಅವಳ ಬೆರಳು ಬಿಡಲಿಲ್ಲ. ಈಗ ಹೋಗುತ್ತೇನೆ, ಈಗ ಹೋಗುತ್ತೇನೆ ಎನ್ನುವಷ್ಟರಲ್ಲಿ ಹನ್ನೆರಡು ನಿಮಿಷಕ್ಕೆ ಎಲ್ಲ ಮುಗಿಯಿತು. ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಳಿಸಬಹುದಿತ್ತು. ಅದು ಹೊಳೆಯಲೇ ಇಲ್ಲ.

*

“ಯಾವ ಮುಖ ಹೊತ್ಕೊಂಡು ಬಂದ್ರಿ?” ಎಂದಳು ಮಗಳು.

“ಕ್ಷಮೆ ಕೇಳೋಕೆ ಬಂದಿಲ್ಲ. ನಿಮ್ಮಮ್ಮನ ಮೇಲೆ ನಂಗೆ ಇನ್ನೂ ಸಿಟ್ಟಿದೆ.”

“ಮತ್ತೆ ಆ ದೂರು?”

“ಆಸ್ಪತ್ರೆಯವರೇ ಬರ್ಕೊಂಡು ಬಂದಿದ್ರು. ಏಳು ತಿಂಗಳು ನನಗೆ ಬೆನ್ನು ಒರಗಿಸೋಕೆ ಒಂದು ಬೆಂಚು ಕೊಡದವರು, ಆವತ್ತು ಕುರ್ಚಿ ಹಾಕಿ ಕೂರಿಸಿದ್ರು, ಫ್ಯಾನ್ ಹಾಕಿದ್ರು. ಓದದೆ ಸಹಿ ಮಾಡಿದೆ. ಆ ಕುರ್ಚಿ ನೆನೆಸಿಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.”

“ಹಾಗಾದ್ರೆ ಇಲ್ಲಿಗ್ಯಾಕೆ ಬಂದ್ರಿ?”

“ಆ ಏಳು ತಿಂಗಳಲ್ಲಿ ನಾನು ನಿದ್ದೆ ಅಂತ ಮಾಡಿದ್ದು ಇವರು ಕೊಟ್ಟ ಗಂಟೆಗಳಲ್ಲಿ ಮಾತ್ರ. ಅದು ಸುಳ್ಳಲ್ಲವಲ್ಲ.” ದರ್ಜಿ ಹೆಣದ ಪಕ್ಕದ ಸ್ಟೂಲಿನ ಮೇಲೆ ಕೂತು ಮಗಳ ಕೆಂಪು ಕಣ್ಣು ನೋಡಿದಳು. “ನೀವು ಮಲಗಿ. ನಾನು ಎಬ್ಬಿಸ್ತೀನಿ.”

“ನಿಮ್ಮನ್ನ ನಂಬಿ?”

“ಎಬ್ಬಿಸದೇ ಇದ್ರೆ ಏನಾಗುತ್ತೆ ಅಂತ ಈ ಮನೇಲಿ ನನ್ನ ಬಿಟ್ಟು ಇನ್ಯಾರಿಗೆ ಗೊತ್ತು?”

ಮಗಳ ಸಿಟ್ಟು ಇಳಿದಿರಲಿಲ್ಲ. ಆದರೂ ಅಮ್ಮನ ಮಂಚದ ಪಕ್ಕ ಬರಿ ನೆಲದ ಮೇಲೆ ಉರುಳಿಕೊಂಡಳು.

ವ್ಯಾನು ಹತ್ತು ನಿಮಿಷ ಮುಂಚೆಯೇ ಬಂತು. “ಮಲಗಿದ್ದಾಳೆ, ಪಾಪ, ಹಾಗೇ ಬಿಡಿ” ಎಂದು ಪಿಸುಗುಟ್ಟುತ್ತ ಸೋದರಮಾವ ಹೆಣಕ್ಕೆ ಕೈ ಹಾಕಿದ. ದರ್ಜಿ ಆ ಕೈಯನ್ನು ತಳ್ಳಿದಳು. ಬಗ್ಗಿ ಮಗಳ ಎರಡೂ ಭುಜ ಹಿಡಿದು, “ಏಳು, ಏಳೇ, ಏಳೇ” ಎಂದು ಕಿರುಚುತ್ತ ಅಲುಗಾಡಿಸಿದಳು. ಮಗಳು ಕಣ್ಣು ಬಿಟ್ಟು ಎದ್ದು ಕೂತ ಮೇಲೂ ಆ ಕೈಗಳು ಅಲುಗಾಡಿಸುತ್ತಲೇ ಇದ್ದವು.