ಮೂರನೇದು ಬಿಡು

ನೀರಿನ ವಾಸನೆ ಬಂದಂತಾಯಿತು, ಅಲ್ಲ, ಅದು ಕಾಲುವೆಯ ಒಂದನೇ ಗೇಟಿನ ಕಡೆಯ ಗಾಳಿ, ಇಲ್ಲಿ ಮೂರನೇ ಗೇಟಿನ ಬಾಯಲ್ಲಿ ಮಣ್ಣು ಬಿರಿದುಕೊಂಡೇ ಇದೆ, ತಿಮ್ಮವ್ವಾ, ನಿನ್ನ ಮಗಳ ಚಿಪ್ಪು ಉಣ್ಣಾಕ ಹೋಗೈತೇನು, ಎಂದು ಹಸನಸಾಬ ಕೇಳುತ್ತಾನೆ, ನಮ್ಮ ಬದುವಿನ ಪಕ್ಕದಲ್ಲೇ ಮೆಣಸಿನಕಾಯಿ ಹಾಕಿದವನು, ತಡೀ ಎಂದೆ, ಜನ್ಮವೆಲ್ಲ ತಡೆದವಳು ನಾನು — ಈ ಕಾಲುವೆ ಅಗೆಯುವಾಗ ಮಣ್ಣಿನ ಬುಟ್ಟಿ ಹೊತ್ತೆ, ನೀರು ಬರತೈತಿ ತಡೀರಿ ಅಂದರು, ಬಂತು, ಮೇಲಿನವರ ಗದ್ದೆಯಲ್ಲೇ ನಿಂತಿತು, ಗೇಟಿನ ಚಕ್ರ ಅವರ ಕೈಯಲ್ಲಿ, ತುದಿಯ ನಮ್ಮ ಹೊಲಕ್ಕೆ ತೇವವೂ ಇಲ್ಲ. ನನ್ನ ಮಗಳು ರೇಣಮ್ಮ, ಯಾದಗಿರಿಯ ಕಾಲೇಜಿನಲ್ಲಿ ಪಾಠ ಹೇಳುವವಳು, ಅವಳೇ ಅಂದಳು, ಚಕ್ರಕ್ಕ ಕೀಲಿ ಹಾಕೂನು ಅವ್ವ, ಯಾರ ಮಾತೂ ಕೇಳದ ಚಿಪ್ ಮಾಡತೀನಿ, ಪಾಳಿ ಪ್ರಕಾರ ಅದ ಗೇಟ್ ತೆಗೀತೈತಿ, ಲ್ಯಾಪ್‌ಟಾಪಿನ ಪರದೆಯ ಮೇಲೆ ಕೌದಿಯ ಹಾಗೆ ಬಣ್ಣದ ಗೆರೆ, ಇವೂ ಗೇಟ ಅವ್ವ, ಇವುಗಳಾಗ ಕರೆಂಟು ಹರೀತೈತಿ, ಚಿಪ್ಪಿನ ಚಿತ್ರ ಬರಿಯೋ ಈ ಸಾಫ್ಟ್‌ವೇರ್‌ಗೆ ರೊಕ್ಕಿಲ್ಲ, ಯಾರ ಬೇಕಾದ್ರೂ ತಗೋಬಹುದು, ಒಳಗ ಇಣುಕಬಹುದು, ತಪ್ಪಿದ್ರ ತಿದ್ದಬಹುದು — ಊರ ಬಾವಿ ಇದ್ದಂಗ, ಎಂದೆ, ನಕ್ಕಳು, ಅಲ್ಲವ್ವ, ನಮಗೂ ಮುಟ್ಟಾಕ ಬಿಡೋ ಬಾವಿ. ಪಾಳಿ ನೀನ ಬರದುಕೊಡು ಅಂದಳು, ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಅಷ್ಟು ದೊಡ್ಡ ಕೆಲಸ ಬಂದಿರಲಿಲ್ಲ, ಸೊಕ್ಕು ಬಂತು, ತಿದ್ದಿ ತಿದ್ದಿ ಬರೆದೆ, ಒಂದನೇ ಗೇಟು ಎರಡು ತಾಸು, ಎರಡನೇದು ಎರಡು ತಾಸು, ಮೂರನೇದು ಬಿಡು, ಅಷ್ಟೇ ಬರೆದೆ, ತುದಿಗೆ ತಾಸಿನ ಲೆಕ್ಕ ಯಾಕೆ, ಉಳಿದ ನೀರೆಲ್ಲ ಹರಿಯಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಚಿಪ್ಪಿನ ಚಿತ್ರ ಹೊರದೇಶದ ಕಾರ್ಖಾನೆಗೆ ಹೋಯಿತು, ನೂರು ಮಂದಿಯ ಚಿತ್ರಗಳ ಜೊತೆ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಪುಕ್ಕಟೆ ಜಾಗ, ವರ್ಷ ಕಳೆದು ಹುಣಸೆ ಬೀಜದಷ್ಟು ಕರಿ ಚೂರಾಗಿ ಬಂತು, ಆಮೇಲೆ ಜಾಗ ಕೊಡುವವರು ಆ ಕೆಲಸವನ್ನೇ ನಿಲ್ಲಿಸಿದರು. ಮೊನ್ನೆ ಹಸನಸಾಬ ಮೂರೂ ಗೇಟಿಗೆ ಮೋಟಾರು ಕೂಡಿಸಿದ, ಇವತ್ತು ಮುಂಜಾನೆ ರೇಣಮ್ಮ ಚಿಪ್ ತಂದಳು, ತುದಿಗೆ ನೀರು ಮುಟ್ಟದಿದ್ದರೆ ಚಕ್ರದ ಕೀಲಿ ಮತ್ತೆ ಮೇಲಿನವರಿಗೆ, ಹಾಗೆಂದು ಮಾತಾಗಿದೆ — ಒಂದನೇದು ತೆರೆಯಿತು, ಮುಚ್ಚಿತು, ಎರಡನೇದು ತೆರೆಯಿತು, ಮುಚ್ಚಿತು, ಮತ್ತೆ ಒಂದನೇದೇ ತೆರೆಯಿತು. ರೇಣಮ್ಮ ದಂಡೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತಳು, ನನ್ನ ಹಾಳೆ ಪಕ್ಕದಲ್ಲಿಟ್ಟಳು, ನೀ ಬರದಂಗ ಐತಿ ಅವ್ವ, ಮೂರನೇದು ಬಿಡು, ತುಕ್ಕು ಹಿಡದ ಗೇಟು, ಬ್ಯಾಡಂದಿ ಅಂತ ತಿಳದು ಬಿಟ್ಟೇನಿ, ತುದಿಗೆ ಎರಡನೇದರಿಂದನ ಹೋಗತೈತಿ ಅಂದಕೊಂಡಿದ್ದೆ, ಅಂದಳು. ಬಿಡು ಅಂದರೆ ಹರಿಯಬಿಡು, ನನಗೆ ಬೇರೆ ಬಿಡು ಹೊಳೆಯಲೇ ಇಲ್ಲ, ಮೇಲಿನವರು ನಮ್ಮನ್ನು ಬಿಟ್ಟದ್ದೂ ಅದೇ ಮಾತಿನಲ್ಲಿ, ತಿದ್ದವ್ವ ಎಂದೆ, ಯಾರ ಬೇಕಾದ್ರೂ ತಿದ್ದಬಹುದಂದಿ, ಚಿತ್ರ ತಿದ್ದಬಹುದು ಅವ್ವ, ಕಲ್ಲಾಗಿ ಬಂದ ಚಿಪ್ ತಿದ್ದಾಕ ಬರೂದಿಲ್ಲ. ಪರದೆಯಲ್ಲಿ ಬೆರಳಿಟ್ಟು ತೋರಿಸಿದಳು, ಕೆಂಪು ಗೆರೆ, ಹಸಿರು ಗೆರೆ, ಪಕ್ಕದಲ್ಲಿ ಮೂರನೇದು ಇರಬೇಕಾದ ಉಗುರಿನಷ್ಟು ಜಾಗ ಖಾಲಿ. ಈಗ ಎದ್ದು ನಿಂತಿದ್ದಾಳೆ, ನಂದ ತಪ್ಪುರಿ, ನಾ ಮರತೇನಿ, ಎಲ್ಲರಿಗೂ ಕೇಳುವ ಹಾಗೆ ಅನ್ನುತ್ತಾಳೆ, ನನ್ನ ಹಾಳೆ ಮಡಚಿ ಮುಷ್ಟಿಯಲ್ಲಿ ಹಿಡಿದಿದ್ದಾಳೆ, ಇಷ್ಟ ಕಲಿಸತೀಯೇನವ್ವ ಕಾಲೇಜಿನಾಗ, ಎಂದು ಮೇಲಿನವನೊಬ್ಬ ಕೀಲಿಗೆ ಕೈ ಚಾಚುತ್ತಾನೆ, ಹಸನಸಾಬ ತಲೆ ತಗ್ಗಿಸಿದ್ದಾನೆ, ನನ್ನ ಅಕ್ಷರ ಅದು, ಹೇಳಬೇಕು, ಪರದೆ ತೆರೆದೇ ಇದೆ, ಕೆಂಪು ಗೆರೆ, ಹಸಿರು ಗೆರೆ, ಉಗುರಿನಷ್ಟು ಖಾಲಿ, ಹೇಳುತ್ತೇನೆ, ಈಗ ಹೇಳುತ್ತೇನೆ, ಕೆಂಪು ಗೆರೆ, ಹಸಿರು ಗೆರೆ, ಉಗುರಿನಷ್ಟು ಖಾಲಿ — ಖಾಲಿ —