ಪಕ್ಕದ ಸೀಟಿನವಳು

ಸೀನು ಬರುವ ಹಾಗಿದೆ, ಬೇಡ, ಈಗ ಬೇಡ, ಅವಳು ಮೂಗಿನ ತುದಿ ಹಿಡಿದು ಒತ್ತಿದಳು, ಹಿಂದಿನ ಸೀಟಿನಲ್ಲಿ ಡ್ರೈವಿಂಗ್ ಸ್ಕೂಲಿನ ಮಾಲೀಕ ಕಾಲು ಚಾಚಿ ಕೂತಿದ್ದಾನೆ, ಅವನು ಪೂಸಿಕೊಂಡು ಬಂದ ಸೆಂಟಿನದೇ ಕಿತಾಪತಿ ಇದು, ಏಳು ತಿಂಗಳ ಬಸುರಿಗೆ ಸೀನೆಂದರೆ ಬರೀ ಸೀನಲ್ಲ, ಮೇಲೆ ಆಕ್ಷೀ ಎಂದರೆ ಕೆಳಗೆ ನಲ್ಲಿ ತಿರುಗಿಸಿದ ಹಾಗೆ — ಹೋಯಿತು, ಸದ್ಯ, ಮೂಗು ಮಾನ ಉಳಿಸಿತು. ಕ್ಲಚ್ ಬಿಡಿ ಮೇಡಂ, ಮೆಲ್ಲಗೆ, ಮೆಲ್ಲಗೆ ಅಂದೆನಲ್ಲ, ಎಂದು ಸ್ಟಿಯರಿಂಗ್ ಹಿಡಿದ ಹೆಂಗಸಿಗೆ ಪಕ್ಕದ ಸೀಟಿನಿಂದ ಅವಳು ಹೇಳುತ್ತಿದ್ದಂತೆ ಕಾರು ಕುಪ್ಪಳಿಸಿ ನಿಂತಿತು. ಬೇಕರಿಯ ಒಡತಿ ಈಕೆ, ಐವತ್ತು ದಾಟಿದ ಮೇಲೆ ಕಾರು ಕಲಿಯುವ ಹಟ ಹಿಡಿದವರು, ನಾಯಿ ಬಂದರೂ ಬ್ರೇಕು, ಎಲೆ ಬಿದ್ದರೂ ಬ್ರೇಕು, ಸ್ಕೂಲಿನಲ್ಲಿ ಎಲ್ಲರ ಬಾಯಲ್ಲೂ ಬ್ರೇಕಮ್ಮ, ಆ ಹೆಸರು ಕೇಳಿ ಮೊದಲು ನಕ್ಕವರೂ ಅವರೇ, ಅವರ ಒಂದೊಂದು ಬ್ರೇಕಿಗೂ ಒಳಗಿನ ಪುಟ್ಟ ತಲೆ ಮೂತ್ರಚೀಲದ ಮೇಲೆ ಧೊಪ್ಪನೆ ಕೂರುತ್ತದೆ. ಡಾಕ್ಟರೂ ಹೇಳಿದ್ದು ಅದನ್ನೇ, ಮಗು ಕೂತಿರೋ ಜಾಗ ಹಾಗಿದೆ ಕಣಮ್ಮ, ತುಂಬ ಜನಕ್ಕೆ ಆಗುತ್ತೆ, ಯಾರೂ ಬಾಯಿ ಬಿಡಲ್ಲ ಅಷ್ಟೆ, ಕೆಳಗಿನ ಸ್ನಾಯು ಬಿಗಿ ಹಿಡಿ, ಬಿಡು, ಮತ್ತೆ ಹಿಡಿ, ದಿನಾ ಮಾಡು, ನೀರು ಕುಡಿಯೋದು ಮಾತ್ರ ಕಮ್ಮಿ ಮಾಡ್ಬೇಡ. ಅವಳು ಅದನ್ನು ಸಿಗ್ನಲ್ಲಿನಲ್ಲಿ ಮಾಡುತ್ತಾಳೆ, ಕೆಂಪು ಬಿದ್ದರೆ ಹಿಡಿ, ಹಸಿರು ಬಿದ್ದರೆ ಬಿಡು, ಪಕ್ಕದ ಗಾಡಿಯವರಿಗೆ ಯಾರೋ ತುಂಬ ಯೋಚನೆಯಲ್ಲಿರುವ ಹೆಂಗಸು ಕಾಣುತ್ತಾಳೆ, ಕಾಣಲಿ. ಆದರೆ ಅವತ್ತು ಆ ಕ್ಲಿನಿಕ್ಕಿನ ಕುರ್ಚಿಯಿಂದ ಏಳುವಾಗಲೇ — ಬೂದು ಬಟ್ಟೆಯ ಮೇಲೆ ಅಂಗೈಯಗಲದ ಕಪ್ಪು ಒದ್ದೆ, ಅದರ ಮೇಲೆ ಯಾರೋ ಬಿಟ್ಟುಹೋದ ಪೇಪರು ಹರಡಿ ಕಳ್ಳಿಯ ಹಾಗೆ ಹೊರಗೆ ಬಂದಿದ್ದಳು.

ಎಡಕ್ಕೆ ತಗೊಳ್ಳಿ ಮೇಡಂ, ಎನ್ನುವಷ್ಟರಲ್ಲಿ ಹಿಂದಿನಿಂದ ಮಾಲೀಕನ ದನಿ, ಎಡಕ್ಕೆ ಯಾಕೆ, ನೇರ ಹೋಗ್ಲಿ, ಬೈಪಾಸ್‌ಗೆ. ಗೊತ್ತಿತ್ತು, ಇವನು ಬಂದಿದ್ದೇ ಅದಕ್ಕೆ. ಎಡಕ್ಕೆ ಹೋದರೆ ಪೆಟ್ರೋಲ್ ಬಂಕು, ಅದರ ಹಿಂದೆ ಹಸಿರು ಬಾಗಿಲು, ಅಲ್ಲಿಂದ ಲೈಬ್ರರಿ, ಲೈಬ್ರರಿಯಿಂದ ಹೆರಿಗೆ ಆಸ್ಪತ್ರೆ, ಊರಿನಲ್ಲಿ ಎಲ್ಲೆಲ್ಲಿ ಚಿಲಕ ಬೀಳುವ ಶೌಚಾಲಯವಿದೆ ಎಂದು ಇವಳನ್ನು ಕೇಳಬೇಕು, ನಾಲ್ಕನೇ ತಿಂಗಳಿಂದ ಇವಳು ಪಾಠ ಮಾಡಿದ್ದೆಲ್ಲ ಆ ದಾರಿಯಲ್ಲೇ, ಇಲ್ಲಿ ರಿವರ್ಸ್ ಹಾಕ್ತಾ ಇರಿ, ಈಗ ಬಂದೆ, ಅಲ್ಲಿ ಎರಡು ಗಾಡಿ ಮಧ್ಯ ನಿಲ್ಲಿಸಿ, ಈಗ ಬಂದೆ. ಅದಕ್ಕೇ ಅವಳ ಹತ್ತಿರ ಕಲಿತವರು ಎಂಥ ಇಕ್ಕಟ್ಟಿನಲ್ಲೂ ಬೆಣ್ಣೆಯಂತೆ ಪಾರ್ಕ್ ಮಾಡುತ್ತಾರೆ, ಮೂರನೇ ಗೇರಿನ ಆಚೆ ಏನಿದೆಯೆಂದು ಮಾತ್ರ ಯಾರೂ ಕಂಡಿಲ್ಲ. ಮಾಲೀಕ ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರ ಮುಂದೆ ಹೇಳಿದ್ದ, ನಿನ್ ಸ್ಟೂಡೆಂಟ್ಸ್ ಎಲ್ಲಾ ಪಾರ್ಕಿಂಗಲ್ಲಿ ಹುಲಿ, ಬೈಪಾಸಲ್ಲಿ ಇಲಿ, ಇವತ್ತು ನಾನೂ ಬರ್ತೀನಿ, ನಿನ್ ಕೈಲಿ ಆಗಲ್ಲ ಅಂದ್ರೆ ನಾಳೆಯಿಂದ ಗಾಡಿ ನನ್ ಅಳಿಯ ನೋಡ್ಕೋತಾನೆ, ನೀನು ಹೆರಿಗೆ ಮುಗಿಸ್ಕೊಂಡು ಬಾ, ಆಮೇಲೆ ನೋಡೋಣ. ಆ ನೋಡೋಣ ಅವಳಿಗೆ ಚೆನ್ನಾಗಿ ಗೊತ್ತು, ರಿಸೆಪ್ಷನ್ ಹುಡುಗಿಗೂ ಹಾಗೇ ನೋಡೋಣ ಎಂದಿದ್ದ, ಅವಳೀಗ ಫುಟ್‌ಪಾತಿನಲ್ಲಿ ಮೊಬೈಲ್ ಕವರ್ ಮಾರುತ್ತಾಳೆ. ಈ ಸೀಟು ಹೋದರೆ ಮತ್ತೆ ಸಿಗುವುದಿಲ್ಲ, ಕಾಲಡಿಯಲ್ಲಿ ಎರಡನೇ ಬ್ರೇಕ್ ಇರುವ ಈ ಪಕ್ಕದ ಸೀಟು, ಹೆಂಗಸು ಏನು ಕಲಿಸ್ತಾಳೆ ಎಂದು ನಕ್ಕವರ ಹೆಂಡತಿಯರಿಗೆಲ್ಲ ಕಾರು ಕಲಿಸಿದ ಸೀಟು. ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದ್ದು, ಯಾರ ಹತ್ರನೂ ಹೇಳ್ಬೇಡ, ಬಾಯ್ ಮುಚ್ಕೊಂಡು ಮನೇಲಿ ಬಿದ್ಕೋ. ಗಂಡ ಪಾಪದವನು, ಪ್ಯಾಡ್ ತರಲು ಹೋಗಿ ಮುದುಕರ ಡಯಾಪರ್ ಹೊತ್ತು ತಂದ, ದೊಡ್ಡದೇ ಇರ್ಲಿ ಅಂತ ತಂದೆ ಕಣೇ, ಅದನ್ನು ಬಿಡಿಸಿ ನೋಡಿದರೆ ಇಬ್ಬರೂ ಒಳಗೆ ಕೂರಬಹುದು, ಬಿದ್ದು ಬಿದ್ದು ನಕ್ಕರು, ನಕ್ಕಿದ್ದೇ ತಡ, ಅವಳು ಬಚ್ಚಲಿಗೆ ಓಡಿದಳು, ಅರ್ಧ ದಾರಿಯಲ್ಲೇ ಆಗಿಹೋಯಿತು. ನಾಚಿಕೆಯಾಗುತ್ತದೆ, ಸುಳ್ಳೇಕೆ, ಕಿವಿಯವರೆಗೂ ಸುಡುತ್ತದೆ. ಆದರೆ ಇದೇ ಮಾಲೀಕ, ಇಲ್ಲಿ ಮೂತ್ರ ಮಾಡಬಾರದು ಎಂದು ಬರೆದ ಗೋಡೆಗೇ ಹೊಡೆದು, ಶಿಳ್ಳೆ ಹಾಕುತ್ತ ಬಂದು ಕಾರು ಹತ್ತುತ್ತಾನೆ, ಅವನಿಗೆ ಇಡೀ ಊರೇ ಶೌಚಾಲಯ, ಅವನ ಕಿವಿ ಒಂದು ದಿನವೂ ಕೆಂಪಾದದ್ದಿಲ್ಲ, ಎಲ್ಲ ನಾಚಿಕೆಯನ್ನೂ ನಾನೊಬ್ಬಳೇ ಯಾಕೆ ಹೊರಬೇಕು, ಹೊಟ್ಟೆಯಲ್ಲಿ ಒಂದು ಹೊತ್ತದ್ದು ಸಾಲದೇ.

ನೇರ ಹೋಗಿ ಮೇಡಂ, ಎಂದಳು. ಬೈಪಾಸು, ಎರಡೂ ಬದಿಗೆ ಬಯಲು, ಮರೆಯಿಲ್ಲ, ಬಂಕಿಲ್ಲ, ಪ್ಯಾಡ್ ಆಗಲೇ ಭಾರವಾಗಿದೆ, ಹೊರಡುವ ಮುಂಚೆ ಬದಲಿಸಲು ಹೊರಟರೆ ಇವನು ಬಾಗಿಲಲ್ಲಿ ಹಾರ್ನ್ ಬಾರಿಸುತ್ತಿದ್ದ. ಮೂರನೇ ಗೇರ್, ಹಾಂ ಹಾಗೆ, ನಾಲ್ಕು ಹಾಕಿ, ಹೆದರ್ಬೇಡಿ, ನಾನಿದ್ದೀನಿ. ಹೆದರಬಾರದು ಎಂದು ಬ್ರೇಕಮ್ಮ ಹಲ್ಲು ಕಚ್ಚಿದ್ದಾರೆ, ಮಾಲೀಕರೆದುರು ಈ ಹುಡುಗಿ ಮರ್ಯಾದೆ ಉಳಿಸಬೇಕು ಅಂತ ಅವರ ಮುಖದಲ್ಲೇ ಬರೆದಿದೆ, ಕಾರು ಹರಿಯುತ್ತಿದೆ, ಹಿಡಿ, ಬಿಡು, ಹಿಡಿ, ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ ನಾಲ್ಕನೇ ಗೇರು, ನಾನೂ ಮರೆತೇಬಿಟ್ಟಿದ್ದೆ — ಲಾರಿ, ಅಡ್ಡರಸ್ತೆಯಿಂದ ನುಗ್ಗಿತು, ಬ್ರೇಕ್ ಮೇಡಂ, ಬ್ರೇಕ್, ಹುಟ್ಟಿದಾಗಿನಿಂದ ಬ್ರೇಕ್ ಬಿಡದ ಹೆಂಗಸು ಇವತ್ತು ಒತ್ತುತ್ತಿಲ್ಲ, ಎಲ್ಲದಕ್ಕೂ ಬ್ರೇಕ್ ಒತ್ತಬಾರದು ಎಂದು ಹೇಳಿ ಹೇಳಿ ಕಲಿಸಿದ್ದು ನಾನೇ, ಕಾಲು ಒತ್ತಬೇಕು, ಪೂರ್ತಿ ಒತ್ತಬೇಕು, ಒತ್ತಿದರೆ ಕೆಳಗೆ ಹಿಡಿದದ್ದು ನಿಲ್ಲುವುದಿಲ್ಲ, ಗೊತ್ತು, ಎರಡನ್ನೂ ಹಿಡಿಯಲಾಗದು, ಗೊತ್ತು, ಸೊಂಟದಿಂದ ಪಾದದವರೆಗೆ ಇದ್ದ ಬಲವನ್ನೆಲ್ಲ ಪೆಡಲಿಗೆ ಕೊಟ್ಟಳು. ಟೈರು ಕಿರುಚಿತು. ಲಾರಿ ಮುಂದೆಯೇ ಅಡ್ಡ ಹಾದುಹೋಯಿತು, ಅದರ ಮಣ್ಣು ಹಿಡಿದ ಚಕ್ರವನ್ನು ಕೈಚಾಚಿ ಮುಟ್ಟಬಹುದಿತ್ತು. ಆಮೇಲೆ ಬೆಚ್ಚಗೆ, ತೊಡೆಯ ಅಡಿಗೆ, ತಡೆಯಿಲ್ಲದೆ, ಹರಿಯಿತು.

ಕಾರನ್ನು ಬದಿಗೆ ಹಾಕಿಸಿದಳು. ಹೊಟ್ಟೆಯೊಳಗೆ ಒಂದು ಒದೆತ, ಬದುಕಿದ್ದೀಯಾ ಮರಿ, ನಾನೂ ಬದುಕಿದ್ದೀನಿ. ಮಾಲೀಕನಿಗೆ ಈಗ ದನಿ ಬಂತು, ಸಾಕು, ಇಳಿ ನೀನು, ಮುಂದೆ ನಾನು ಕೂತ್ಕೋತೀನಿ, ನೀನು ಹಿಂದೆ ಬಾ, ಇದೆಲ್ಲ ಆಗೋ ಕೆಲಸ ಅಲ್ಲ. ಬ್ರೇಕಮ್ಮನಿಗೆ ವಾಸನೆ ಬಡಿದಿದೆ, ಕಣ್ಣು ಕೆಳಗೆ ಹೋಯಿತು, ತಮ್ಮ ನೀರಿನ ಬಾಟಲಿ ಎತ್ತಿ, ಅಯ್ಯೋ ನಂದೇ ಸಾರ್, ನೀರು ಚೆಲ್ಲಿಬಿಟ್ಟೆ ಪಾಪ ಇವಳ ಮೇಲೆ, ಎಂದರು. ಪುಣ್ಯಾತ್ಗಿತ್ತಿ. ತಲೆಯಾಡಿಸಿದರೆ ಮುಗಿಯಿತು, ಪೇಪರು ಹರಡಿದಂತೆ, ಹೂಂ ಎಂದರೆ ಸಾಕು. ಇಲ್ಲ ಸಾರ್, ನೀರಲ್ಲ, ಉಚ್ಚೆ, ಎಂದಳು, ನಂದೇ, ಗಾಡಿ ಹಿಡೀಬೇಕಿತ್ತು, ಹಿಡಿದೆ, ಇದನ್ನ ಬಿಟ್ಟೆ. ಬಾಗಿಲು ತೆಗೆದು ಇಳಿದಳು, ಬ್ಯಾಗು ಹಿಂದಕ್ಕೆ ಅಡ್ಡ ಹಿಡಿಯಲಿಲ್ಲ, ಒದ್ದೆ ಪ್ಯಾಂಟಿಗೆ ಗಾಳಿ ಬಡಿದು ತಣ್ಣಗಾಯಿತು, ಬಡಿಯಲಿ. ಮಾಲೀಕ ಸುತ್ತು ಹಾಕಿ ಬಂದ, ತೆರೆದ ಬಾಗಿಲ ಮೇಲೆ ಕೈಯಿಟ್ಟ, ಒಳಗೆ ಬಗ್ಗಿದ, ಹಾಗೇ ನಿಂತ. ಕೂತ್ಕೊಳ್ಳಿ ಸಾರ್, ಎಂದಳು. ಅವನು ಸೀಟು ನೋಡಿದ, ಅವಳನ್ನು ನೋಡಿದ, ಮತ್ತೆ ಸೀಟು. ಅಳಿಯನನ್ನೂ ಕರೀರಿ ಬೇಕಾದ್ರೆ, ಕೂತ್ಕೊಳ್ಳಲಿ. ಬ್ರೇಕಮ್ಮ ಖೊಳ್ಳೆಂದು ನಕ್ಕರು, ಅವಳಿಗೂ ನಗು ಬರುತ್ತಿದೆ, ಬರಲಿ, ಇನ್ನೇನು ಉಳಿದಿದೆ ಸೋರಲು, ಅವನ ಕೈ ಬಾಗಿಲಿನಿಂದ ಜಾರಿತು, ಅವನು ಹಿಂದಿನ ಬಾಗಿಲಿನ ಕಡೆ ಹೋಗುತ್ತಿದ್ದಾನೆ, ಹೋದ, ಒಳಗೆ ಕೂತ, ಮುಂದಿನ ಸೀಟು ಹಾಗೇ ಖಾಲಿ ಇದೆ, ಬಿಸಿಲು ನೇರ ಅದರ ಮೇಲೆ, ಬೂದು ಬಟ್ಟೆ, ಕಪ್ಪು ಒದ್ದೆ, ಅವಳಷ್ಟೇ ಅಗಲದ್ದು, ಬೂದು ಬಟ್ಟೆ, ಕಪ್ಪು ಒದ್ದೆ, ಅವಳು ಬಿಟ್ಟರೆ ಇನ್ಯಾರೂ ಕೂರಲಾರದ ಒದ್ದೆ.