ಬೇಕರಿ ಅತ್ತೆಯ ಸೊಸೆಗೆ ಸಕ್ಕರೆ ಪರೀಕ್ಷೆ

ಮಹಾಮಾರಿ ಹಬ್ಬಿ ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಬೇಕರಿಯೂ ಮುಚ್ಚಿತು. ಆದರೆ ಅದನ್ನು ನಡೆಸುತ್ತಿದ್ದ ಅತ್ತೆಗೆ ಕೈಕಟ್ಟಿ ಕೂತು ಅಭ್ಯಾಸವಿರಲಿಲ್ಲ. ಓಣಿಯವರ ಬಾಯಲ್ಲಿ ಅವರು ಬೇಕರಿ ಅತ್ತೆ. ಸೊಸೆ ಬಸುರಿ, ಬರುವುದು ಮೊದಲ ಮೊಮ್ಮಗು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಬೆಣ್ಣೆ ಬನ್ನು, ಮಧ್ಯಾಹ್ನ ಕೇಕು, ಸಂಜೆ ಸಕ್ಕರೆ ಬೆರೆಸಿದ ಹಣ್ಣಿನ ರಸ. ಎರಡು ಜೀವ, ಇಬ್ಬರ ಊಟ ಮಾಡು ಎಂದು ತಟ್ಟೆ ಮುಂದಿಡುವರು. ಸೊಸೆ ಬೇಡವೆನ್ನಲಾರದೆ ತಿನ್ನುವಳು.

ಆರನೇ ತಿಂಗಳಾಯಿತು. ಮಹಡಿ ಮನೆಯ ನರ್ಸಮ್ಮ ಮೆಟ್ಟಿಲ ಮೇಲಿನಿಂದಲೇ, ಸೊಸೆಗೆ ಸಕ್ಕರೆ ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿದರು. ಅತ್ತೆ ಮುಖ ತಿರುಗಿಸಿದರು.

“ಈ ಕಾಲದಲ್ಲಿ ಆಸ್ಪತ್ರೆಗೆ ಹೋಗೋದು ಅಂದ್ರೆ ರೋಗಾನ ಕರೆದು ಮಣೆ ಹಾಕಿದ ಹಾಗೆ. ಸಕ್ಕರೆ ಕಾಯಿಲೆ ವಯಸ್ಸಾದವರಿಗಮ್ಮ. ಇವಳು ಗುಂಡುಕಲ್ಲಿನ ಹಾಗಿದ್ದಾಳೆ.”

“ಗುಂಡುಕಲ್ಲಿನ ಹಾಗಿರೋರಿಗೂ ಬರುತ್ತೆ ಅತ್ತೆ. ಬಸುರಿನಲ್ಲಿ ಬರೋ ಸಕ್ಕರೆ ಕಾಯಿಲೆ ನೋವೂ ಕೊಡಲ್ಲ, ಜ್ವರವೂ ಬರಿಸಲ್ಲ. ರಕ್ತ ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು.”

ಆಸ್ಪತ್ರೆಯಲ್ಲಿ ಬಸುರಿಯರಿಗೆ ಬೇರೆ ಬಾಗಿಲಿದೆ, ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಂಡರೆ ಜನರ ನಡುವೆ ಕಾಯಬೇಕಿಲ್ಲ ಎಂದೂ ನರ್ಸಮ್ಮ ಹೇಳಿದರು. ಅತ್ತೆ ಜಗ್ಗಲಿಲ್ಲ. ಆಗ ಎಂದೂ ಎದುರಾಡದ ಸೊಸೆ ಬಾಯಿಬಿಟ್ಟಳು.

“ನನಗೂ ಹೆದರಿಕೆ ಇದೆ ಅತ್ತೆ. ಆದ್ರೆ ಏನೂ ಗೊತ್ತಿಲ್ಲದೆ ಕೂರೋದಕ್ಕೆ ಇನ್ನೂ ಹೆದರಿಕೆ. ನೀವು ಜೊತೆಗೆ ಬಂದ್ರೆ ಧೈರ್ಯ.”

ಅತ್ತೆ ಮಾಸ್ಕು ಹುಡುಕಿದರು.

ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಬಂತು. ಅತ್ತೆ ಡಾಕ್ಟರಮ್ಮನ ಕಡೆ ತಿರುಗಿದರು. “ನನ್ನ ಕೈಯಾರೆ ನಾನೇ ಕೆಡಿಸಿದೆನಾ ಡಾಕ್ಟ್ರೇ?”

ಡಾಕ್ಟರಮ್ಮ ಸಮಾಧಾನ ಹೇಳಿದರು. ಬಸುರಿಯ ಮೈಯಲ್ಲಾಗುವ ಬದಲಾವಣೆಯಿಂದಲೇ ಇದು ಬರುತ್ತದೆ, ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಹಾಗೇ ಬಿಟ್ಟರೆ ಮಗು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗಬಹುದು, ತಾಯಿಗೆ ಬಿಪಿ ಏರಬಹುದು, ಹುಟ್ಟಿದ ಮಗುವಿಗೆ ಸಕ್ಕರೆ ಕುಸಿಯಬಹುದು. ಹಾಗಂತ ಉಪವಾಸವೂ ಕೂಡದು, ಅಳತೆಯಲ್ಲಿ ತಿನ್ನಬೇಕು, ಊಟವಾದ ಮೇಲೆ ನಡೆಯಬೇಕು.

ಅಲ್ಲಿಂದ ಅತ್ತೆಯ ಹುರುಪು ನೋಡಬೇಕಿತ್ತು. ತಟ್ಟೆಯ ಅರ್ಧಕ್ಕೆ ತರಕಾರಿ ಬಂತು, ಪಕ್ಕಕ್ಕೆ ಬೇಳೆಯೋ ಮೊಟ್ಟೆಯೋ, ಅನ್ನ ಅಳತೆಯಲ್ಲಿ. ಒಂದೇ ಸಲ ಹೊಟ್ಟೆ ಬಿರಿಯ ಉಣ್ಣುವ ಬದಲು ಆಗಾಗ ಸ್ವಲ್ಪ ಸ್ವಲ್ಪ. ಬೀದಿಗಿಳಿಯುವಂತಿರಲಿಲ್ಲ, ಆದ್ದರಿಂದ ಖಾಲಿ ಬೇಕರಿಯ ಮೇಜುಗಳನ್ನು ಗೋಡೆಗೆ ಸರಿಸಿ, ಊಟವಾದ ಮೇಲೆ ಅತ್ತೆ ಸೊಸೆ ಕೈಕೈ ಹಿಡಿದು ಅಲ್ಲೇ ನಡೆದರು. ಅತ್ತೆಯ ಮಗ ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ತಂದ. ಅದರಲ್ಲಿ ಅಂಕಿ ಮೂಡುವವರೆಗೆ ಮೂವರೂ ಉಸಿರು ಬಿಗಿಹಿಡಿಯುವರು. ಹಿಡಿತದಲ್ಲಿದ್ದರೆ ಮಹಡಿಯವರೆಗೂ ಕೇಳುವಂತೆ ಅತ್ತೆಯ ಚಪ್ಪಾಳೆ.

ಎಂಟನೇ ತಿಂಗಳಲ್ಲಿ ಸಕ್ಕರೆ ಮತ್ತೆ ಏರಿತು. ಇನ್ಸುಲಿನ್ ಚುಚ್ಚುಮದ್ದು ಬೇಕು ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಅದರಿಂದ ಮಗುವಿಗೆ ತೊಂದರೆಯಿಲ್ಲ, ಒಳಿತೇ ಎಂದು ಅವರು ಬಿಡಿಸಿ ಹೇಳಿದ ಮೇಲೆ, ಸೂಜಿ ಕಂಡರೆ ಕಣ್ಣು ಮುಚ್ಚುತ್ತಿದ್ದ ಸೊಸೆ ತಾನೇ ಚುಚ್ಚಿಕೊಳ್ಳಲು ಕಲಿತಳು.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು, ತೂಕವೂ ಹದವಾಗಿತ್ತು. ನರ್ಸುಗಳು ಮಗುವಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ನೋಡಿ, ಸಕ್ಕರೆ ಸರಿಯಾಗಿದೆ ಎಂದರು. ಒಳಗೆ ಹೆಚ್ಚು ಜನರನ್ನು ಬಿಡುತ್ತಿರಲಿಲ್ಲ. ಅತ್ತೆ ಕಿಟಕಿಯ ಗಾಜಿಗೆ ಅಂಗೈ ಒತ್ತಿ ನಿಂತರು, ಮಾಸ್ಕು ಕಣ್ಣೀರಿಗೆ ತೊಯ್ದಿತ್ತು.

ಹೆರಿಗೆಯಾದ ಆರು ವಾರಕ್ಕೆ ಸಕ್ಕರೆ ಇಳಿದಿದೆಯೇ ಎಂದು ನೋಡಲು ತಾಯಿಗೆ ಮತ್ತೆ ಪರೀಕ್ಷೆ ಆಗಬೇಕಿತ್ತು. ಮಗು ಇನ್ನೂ ಎಳೆಯದು, ಆಮೇಲೆ ನೋಡೋಣ ಎಂದು ಮಗ ರಾಗ ಎಳೆದ.

“ಆಮೇಲೆ ಅನ್ನೋ ಮಾತೇ ಬೇಡ. ಮಗೂನ ನಾನು ನೋಡ್ಕೋತೀನಿ, ನೀನು ಅವಳ ಜೊತೆ ಹೊರಡು” ಎಂದರು ಅತ್ತೆ.

ಅಕ್ಕಂದಿರೇ, ಅತ್ತೆಯರೇ, ಮನೆಯ ಗಂಡಸರೇ, ನಿಮ್ಮ ಮನೆಯಲ್ಲೂ ಬಸುರಿ ಇದ್ದಾಳೆಯೇ? ಯಾವ ರೋಗ ಊರಿಗೆ ಬಂದಿದ್ದರೂ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಮಾಸ್ಕು ಹಾಕಿ, ಫೋನ್ ಮಾಡಿ ಸಮಯ ಕೇಳಿ, ಜೊತೆಗೆ ನಡೆಯಿರಿ. ಅವಳೊಬ್ಬಳನ್ನೇ ಕಳಿಸಬೇಡಿ.